ಹೊಸ ಸೆಮಿ ಸ್ಲಿಕ್ ಟೈರ್ ಹಾಕಿಸಿದ್ದೇನೆ, ಟ್ರ್ಯಾಕಿಗೆ ಹೋಗುವ ಮುಂಚೆ ಹೇಗೆ ಪಳಗಿಸುವುದು?

ತೀರ್ಥಳ್ಳಿ ಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನನ್ನದು ಪೆಟ್ರೋಲ್ ಸ್ವಿಫ್ಟ್. ಎರಡು ವರ್ಷ ಕೊಯ್ಲಾದ ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್ ಕಾರು ರೇಸ್‌ಗಳಲ್ಲಿ ಓಡಿಸಿದ್ದೇನೆ. ಈಗ ಮೊದಲ ಸಲ ಡಾಂಬರು ಟ್ರ್ಯಾಕಿಗೆ ಹೊರಟಿದ್ದೇನೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಶನಿವಾರ ಮಧ್ಯಾಹ್ನ ಪ್ರಾಕ್ಟೀಸ್, ಭಾನುವಾರ ಟೈಮ್ ಹಿಡಿಯುತ್ತಾರೆ. ಇನ್ನು ಹದಿನೆಂಟು ದಿನ ಇದೆ.

ಅದಕ್ಕೇ ಅಂತ ಬೇರೆ ಅಲಾಯ್ ತಗೊಂಡು 195/50 ಆರ್15 ಸೆಮಿ ಸ್ಲಿಕ್ ಹಾಕಿಸಿದೆ, ಅಂದರೆ ಗೀರು ಕಮ್ಮಿ ಇರುವ, ಮೆತ್ತನೆ ರಬ್ಬರಿನ ಟೈರ್. ಟ್ರೆಡ್‌ವೇರ್ (ಸವೆತದ ಅಂಕಿ, ಕಮ್ಮಿ ಇದ್ದಷ್ಟು ಬೇಗ ಸವೆಯುತ್ತದೆ) 200. ಒಂದು ಕ್ವಿಂಟಾಲ್ ರಾಶಿ ಇಡಿ ಅಡಿಕೆ ಮಾರಿದ ದುಡ್ಡು ಹೆಚ್ಚುಕಮ್ಮಿ ಪೂರ್ತಿ ಇದಕ್ಕೇ ಹೋಯಿತು. ಅಪ್ಪ ಏನೂ ಹೇಳಲಿಲ್ಲ, ಆದರೆ ಟೈರ್ ಮುಟ್ಟಿ ನೋಡಿ ಸುಮ್ಮನೆ ಒಳಗೆ ಹೋದರು. ಹಾಗಾಗಿ ಇದನ್ನು ಹಾಳು ಮಾಡಿಕೊಳ್ಳಲು ಮನಸ್ಸಿಲ್ಲ.

ನಿನ್ನೆ ಶಿವಮೊಗ್ಗದಲ್ಲಿ ಫಿಟ್ಟಿಂಗ್ ಮಾಡಿಸಿ ಊರಿಗೆ ಬರುವಾಗ ಗಾಜನೂರು ದಾಟಿದ ಮೇಲೆ ಒಂದು ಕಡೆ ದನ ಅಡ್ಡ ಬಂತು. ಬ್ರೇಕ್ ಹಿಡಿದೆ. ಒಣ ರಸ್ತೆ, ಆದರೂ ಕಾರು ಜಾರಿದ ಹಾಗಾಯಿತು. ಹಳೇ ಟೈರಿಗಿಂತ ಗ್ರಿಪ್ ಕಮ್ಮಿ ಅನ್ನಿಸಿತು! ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಒಬ್ಬರು ನೂರು ಕಿಲೋಮೀಟರ್ ಓಡಿಸಿದರೆ ಸಾಕು ಅಂದರು. ಗೆಳೆಯ ಮರಳು ಕಾಗದದಲ್ಲಿ ತಿಕ್ಕು ಅಂದ. ಇನ್ನೊಬ್ಬ ಆಗುಂಬೆ ಘಾಟಿಯನ್ನು ನಾಲ್ಕು ಸಲ ಹತ್ತಿ ಇಳಿ, ತಾನೇ ಸರಿಯಾಗುತ್ತದೆ ಅಂದ. ಯಾವುದು ನಿಜ?

ಆಟೋ ಕಾಂಪ್ಲೆಕ್ಸ್ ಅಣ್ಣ
ತಮ್ಮಾ, ಮೊದಲು ಒಂದು ಹೇಳು. ಫಿಟ್ಟಿಂಗ್ ಆದ ದಿನವೇ ಜೋರಾಗಿ ಬ್ರೇಕ್ ಹಿಡಿದೆಯಲ್ಲ, ಆಮೇಲೆ ಟೈರ್ ರಿಮ್ಮಿನ ಮೇಲೆ ತಿರುಗಿದೆಯಾ ನೋಡಿದೆಯಾ?

ನಾನು ಈ ಕೆಲಸ ಮಾಡುತ್ತಾ ಇಪ್ಪತ್ತೆರಡು ವರ್ಷ ಆಯಿತು. ಟೈರ್ ಕೂರಿಸುವಾಗ ಅಂಚಿಗೆ ಸೋಪಿನ ನೀರು ಹಚ್ಚುತ್ತೇವೆ. ಅದು ಒಣಗಲು ಒಂದು ದಿನ ಬೇಕು. ಒಣಗುವ ಮುಂಚೆ ಜೋರು ಬ್ರೇಕ್, ಜೋರು ಆಕ್ಸಿಲರೇಟರ್ ಕೊಟ್ಟರೆ ಟೈರ್ ರಿಮ್ಮಿನ ಮೇಲೆ ಜಾರಿ ಸರಿಯುತ್ತದೆ. ಮಾಡಿದ ಬ್ಯಾಲೆನ್ಸಿಂಗ್ ಪೂರ್ತಿ ದಂಡ. ಆಮೇಲೆ ಎಂಬತ್ತರಲ್ಲಿ ಸ್ಟೇರಿಂಗ್ ನಡುಗುತ್ತದೆ, ಹುಡುಗರು ಬಂದು ಅಲೈನ್‌ಮೆಂಟ್ ಸರಿಯಿಲ್ಲ ಅನ್ನುತ್ತಾರೆ.

ಒಂದು ಸೀಮೆಸುಣ್ಣ ತಗೋ. ವಾಲ್ವ್ ಇರುವ ಕಡೆ ರಿಮ್ಮಿಂದ ಟೈರಿನ ಮೇಲಕ್ಕೆ ಒಂದೇ ಗೆರೆ ಎಳೆ. ನಾಲ್ಕೂ ವೀಲಿಗೆ. ಓಡಿಸಿ ಬಂದು ನೋಡು. ಗೆರೆ ಮುರಿದಿದ್ದರೆ ಟೈರ್ ಸರಿದಿದೆ ಅಂತ ಅರ್ಥ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಜಾರಿದ್ದು. ಅದು ಮಾಮೂಲು. ಅಚ್ಚಿನಿಂದ ಟೈರ್ ಬಿಟ್ಟುಕೊಳ್ಳಲಿ ಅಂತ ಕಾರ್ಖಾನೆಯಲ್ಲಿ ಬಳಸಿದ್ದು ಮೇಲೆ ಉಳಿದಿರಬಹುದು. ಅಚ್ಚು ನುಣುಪು, ಹಾಗಾಗಿ ಟೈರಿನ ಮೇಲ್ಮೈಯೂ ನುಣುಪು, ಹೊಸ ಟೈರ್ ಮಿಂಚುವುದು ಅದಕ್ಕೇ. ಆ ಹೊಳಪು ಹೋಗಿ ಮಂಕಾಗುವ ತನಕ ಸಮಾಧಾನ ಬೇಕು.

ಸಾಗರ್ ಸ್ಪೀಡ್
ಆಗುಂಬೆ ಅಂದವನು ಸರಿಯಾಗೇ ಹೇಳಿದ್ದಾನೆ. ಹದಿನಾಲ್ಕು ಹೇರ್‌ಪಿನ್ ಇದೆ. ಎಡಕ್ಕೆ ಬಲಕ್ಕೆ ಎರಡೂ ಕಡೆ ಲೋಡ್ ಬೀಳುತ್ತದೆ. ಬೆಳಿಗ್ಗೆ ಐದಕ್ಕೆ ಹೋದರೆ ಒಂದು ಗಾಡಿ ಇರಲ್ಲ. ನಾನು ಮೂರು ಸೆಟ್ ಟೈರ್ ಅಲ್ಲೇ ಪಳಗಿಸಿದ್ದೇನೆ.

ನ್ಯಾವಿಗೇಟರ್ ಅಕ್ಕ
ಎಂತ ಮಾತು ಮಾರಾಯ ಇದು! ಗ್ರಿಪ್ ಇನ್ನೂ ಬಂದಿಲ್ಲ ಅಂತ ಗೊತ್ತಿರುವ ಟೈರನ್ನು ತಗೊಂಡು ಹೋಗಿ, ತಪ್ಪಿದರೆ ಕೆಳಗೆ ಬೀಳುವ ರಸ್ತೆಯಲ್ಲಿ ಪರೀಕ್ಷೆ ಮಾಡುವುದಾ? ಬೆಳಿಗ್ಗೆ ಐದಕ್ಕೆ ಆ ರಸ್ತೆಯಲ್ಲಿ ಉಡುಪಿ ಆಸ್ಪತ್ರೆಗೆ ಹೊರಟ ಗಾಡಿಗಳಿರುತ್ತವೆ, ಹಾಲಿನ ಗಾಡಿ ಇರುತ್ತದೆ. ಮಂಜು ಬೇರೆ. ನಾನು ಏಳು ವರ್ಷ ರ‍್ಯಾಲಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ರಸ್ತೆ ಬಂದ್ ಮಾಡಿ, ಮಾರ್ಷಲ್ ನಿಲ್ಲಿಸಿ, ಆಂಬುಲೆನ್ಸ್ ಇಟ್ಟುಕೊಂಡು ಓಡಿಸುವಾಗಲೇ ಎದೆ ಡವಡವ ಅನ್ನುತ್ತದೆ.

ತೀರ್ಥಳ್ಳಿ ತಮ್ಮಾ, ದಯವಿಟ್ಟು ಆ ಮಾತು ಕೇಳಬೇಡ.

ಸಾಗರ್ ಸ್ಪೀಡ್
ಅಕ್ಕಾ, ನಾನು ಜೋರಾಗಿ ಹೋಗು ಅಂದಿಲ್ಲ. ಹದವಾಗಿ ತಿರುವಿನಲ್ಲಿ ಲೋಡ್ ಕೊಡು ಅಂದೆ ಅಷ್ಟೆ. ನೇರ ರಸ್ತೆಯಲ್ಲಿ ಐನೂರು ಕಿಲೋಮೀಟರ್ ಓಡಿಸಿದರೂ ಟೈರಿನ ಭುಜದ ಭಾಗ, ಅಂದರೆ ಅಂಚು, ಹೊಸದಾಗೇ ಇರುತ್ತದೆ. ಅದು ನಿಜ ಅಲ್ವಾ?

ನ್ಯಾವಿಗೇಟರ್ ಅಕ್ಕ
ಅದು ನಿಜ, ಒಪ್ಪಿದೆ. ಆದರೆ ಆ ಭುಜಕ್ಕೆ ಲೋಡ್ ಕೊಡುವಷ್ಟು ಜೋರು ರಸ್ತೆಯಲ್ಲಿ ಹೋಗಬಾರದು. ಆ ಕೆಲಸ ಟ್ರ್ಯಾಕಿನಲ್ಲಿ ಮೊದಲ ಸೆಷನ್‌ನದ್ದು.

ಕೊಪ್ಪದ ಕಾಫಿ
ನನ್ನ ಕಥೆ ಹೇಳುತ್ತೇನೆ. ಐದು ವರ್ಷದ ಹಿಂದೆ, ಅಕ್ಟೋಬರ್ ಕೊನೆ. ಮಳೆ ನಿಂತು ವಾರ ಆಗಿತ್ತು. ಹೊಸ ಟೈರ್, ಎರಡನೇ ದಿನ. ಜಯಪುರದ ಕಡೆ ಎಸ್ಟೇಟ್ ಮಧ್ಯದ ತಿರುವು. ಪೂರ್ತಿ ನೆರಳು, ಎರಡೂ ಕಡೆ ಸಿಲ್ವರ್ ಓಕ್. ರಸ್ತೆ ಒಣಗಿದೆ ಅಂತಲೇ ಅಂದುಕೊಂಡಿದ್ದೆ. ಅಂಚಿನಲ್ಲಿ ಪಾಚಿ ಇನ್ನೂ ಹಸಿಯಾಗಿತ್ತು. ಐವತ್ತರ ಮೇಲಿರಲಿಲ್ಲ ಸ್ಪೀಡು. ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಹಾಗೇ ನೇರ ಹೋಗಿ ಚರಂಡಿಗೆ ಇಳಿಯಿತು. ಆ ಒಂದು ಕ್ಷಣ ಸ್ಟೇರಿಂಗ್ ಬೆಣ್ಣೆಯ ಹಾಗೆ ಹಗುರಾಯಿತಲ್ಲ, ಅದು ಇವತ್ತಿಗೂ ಕೈಯಲ್ಲಿ ನೆನಪಿದೆ.

ಪಕ್ಕದಲ್ಲಿ ಅಮ್ಮ ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ. ಚಕ್ರ ಹಿಡಿದಿರುವ ಲೋವರ್ ಆರ್ಮ್ ಬಾಗಿತು, ಹೊಸ ಟೈರಿನ ಪಕ್ಕದ ಗೋಡೆ ಕಲ್ಲಿಗೆ ತಾಗಿ ಹರಿಯಿತು. ಟೈರ್ ಕೆಟ್ಟದ್ದಲ್ಲ, ತಪ್ಪು ನನ್ನದೇ. ಹೊಸ ಟೈರ್ ಹಾಕಿದ ದಿನ ಎಲ್ಲರಿಗೂ ಧೈರ್ಯ ಜಾಸ್ತಿ ಆಗುತ್ತದೆ, ಗ್ರಿಪ್ ಮಾತ್ರ ಆ ದಿನವೇ ಕಮ್ಮಿ ಇರುವುದು.

ರಬ್ಬರ್ ಮೇಷ್ಟ್ರು
ಎರಡು ಬೇರೆ ಬೇರೆ ವಿಷಯ ಇಲ್ಲಿ ಒಂದಾಗಿ ಹೋಗಿದೆ, ಬಿಡಿಸಿ ಹೇಳುತ್ತೇನೆ. ಮೊದಲನೆಯದು ಮೇಲ್ಮೈ ತಿಕ್ಕಿ ಹೊಳಪು ತೆಗೆಯುವುದು. ಇದು ಎಲ್ಲಾ ಟೈರಿಗೂ ಬೇಕು, ನಿಮ್ಮ ಸ್ಕೂಟರಿಗೂ. ಎರಡನೆಯದು ಹೀಟ್ ಸೈಕಲ್, ಅಂದರೆ ಟೈರನ್ನು ಒಮ್ಮೆ ಚೆನ್ನಾಗಿ ಬಿಸಿ ಮಾಡಿ ತಣಿಯಲು ಬಿಡುವುದು. ಇದು ಟ್ರ್ಯಾಕ್ ಟೈರಿನ ವಿಷಯ, ಮೇಲ್ಮೈಗೆ ಸಂಬಂಧ ಇಲ್ಲ, ಒಳಗಿನ ರಬ್ಬರಿಗೆ ಸಂಬಂಧ.

ಟೈರನ್ನು ಅಚ್ಚಿನಲ್ಲಿಟ್ಟು ಗಂಧಕ ಸೇರಿಸಿ ಬೇಯಿಸುತ್ತಾರೆ. ರಬ್ಬರಿನ ಉದ್ದುದ್ದ ಎಳೆಗಳ ಮಧ್ಯೆ ಗಂಧಕ ಗಂಟು ಹಾಕುತ್ತದೆ. ವಲ್ಕನೈಸ್ ಅಂತ ಪಂಕ್ಚರ್ ಅಂಗಡಿಯಲ್ಲಿ ಕೇಳಿರುತ್ತೀರಿ, ಅದೇ. ಈ ಗಂಟುಗಳೆಲ್ಲ ಒಂದೇ ಬಲದವಲ್ಲ. ಕೆಲವು ಗಟ್ಟಿ, ಕೆಲವು ಸಡಿಲ. ಮೊದಲ ಸಲ ಟೈರ್ ಚೆನ್ನಾಗಿ ಬಿಸಿಯಾಗಿ ಹಿಂಡಿದಾಗ ಸಡಿಲ ಗಂಟುಗಳು ಬಿಚ್ಚುತ್ತವೆ. ಆಮೇಲೆ ಟೈರ್ ತಣ್ಣಗೆ ವಿಶ್ರಾಂತಿಯಲ್ಲಿದ್ದರೆ ಅವು ನಿಧಾನಕ್ಕೆ ಮತ್ತೆ ಕೂಡುತ್ತವೆ, ಈ ಸಲ ಹೆಚ್ಚು ಸಮವಾಗಿ. ಅದಕ್ಕೆ ಕಮ್ಮಿ ಅಂದರೂ 24 ಗಂಟೆ ಬೇಕು ಅನ್ನುತ್ತಾರೆ. ವಿಶ್ರಾಂತಿ ಕೊಡದೆ ಮೊದಲ ದಿನವೇ ಪೂರ್ತಿ ಹಿಂಡಿದರೆ ಗ್ರಿಪ್ ಅವತ್ತು ಚೆನ್ನಾಗೇ ಸಿಗಬಹುದು. ಆದರೆ ಟೈರ್ ಬೇಗ ಸೋಲುತ್ತದೆ.

ಬಿಸಿ ಮಾಡುವುದು ಅರ್ಧ ಕೆಲಸ. ಬಿಟ್ಟು ಕೂರುವುದು ಇನ್ನರ್ಧ. ನಮ್ಮವರು ಮೊದಲನೆಯದು ಮಾಡುತ್ತಾರೆ, ಎರಡನೆಯದಕ್ಕೆ ತಾಳ್ಮೆ ಇಲ್ಲ.

ಭದ್ರಾವತಿ ಉಕ್ಕು
ಮೇಷ್ಟ್ರೇ, ಇದು ಗೀರೇ ಇಲ್ಲದ ಪೂರ್ತಿ ಸ್ಲಿಕ್‌ಗೆ, ಆರ್ ಕಾಂಪೌಂಡ್ ಅನ್ನುವ ತೀರಾ ಮೆತ್ತನೆ ರೇಸ್ ರಬ್ಬರಿಗೆ ಸರಿ. ಇವರದ್ದು ಟ್ರೆಡ್‌ವೇರ್ 200, ಅಂದರೆ ರಸ್ತೆಗೂ ನಡೆಯುವ ಟೈರ್. ಇದಕ್ಕೂ ಅಷ್ಟೆಲ್ಲ ಪೂಜೆ ಬೇಕಾ? ನಾನು ಇದೇ ತರದ ಟೈರನ್ನು ಅಂಗಡಿಯಿಂದ ನೇರ ಚೆನ್ನೈ ಟ್ರ್ಯಾಕಿಗೆ ತಗೊಂಡು ಹೋಗಿ ಓಡಿಸಿದ್ದೇನೆ. ಏನೂ ಆಗಲಿಲ್ಲ.

ರಬ್ಬರ್ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಮೆತ್ತನೆ ಕಾಂಪೌಂಡ್‌ನಲ್ಲಿ ಲಾಭ ಜಾಸ್ತಿ, 200ರಲ್ಲಿ ಕಮ್ಮಿ. ಇಲ್ಲ ಅಂತಲ್ಲ, ಕಮ್ಮಿ. ಆದರೆ ಇವರಿಗೆ ಶನಿವಾರ ಪ್ರಾಕ್ಟೀಸ್, ಭಾನುವಾರ ಟೈಮಿಂಗ್. ನಡುವೆ ಒಂದು ರಾತ್ರಿ ಪುಕ್ಕಟೆ ಸಿಗುತ್ತದೆ. ಖರ್ಚಿಲ್ಲದೆ ಸಿಗುವ ವಿಶ್ರಾಂತಿ ಯಾಕೆ ಬಿಡಬೇಕು? ನೀವು ಹಾಗೆ ಓಡಿಸಿದ ಸೆಟ್ ಎಷ್ಟು ಟ್ರ್ಯಾಕ್ ದಿನ ಬಂತು?

ಭದ್ರಾವತಿ ಉಕ್ಕು
ಮೂರು ಬಂತು. ನಾಲ್ಕನೆಯದರಲ್ಲಿ ಮುಂದಿನ ಎರಡು ಟೈರ್ ಮಣಿಮಣಿಯಾಗಿ ಕಿತ್ತು ಬರಲು ಶುರುವಾಯಿತು. ಹೋಲಿಸಿ ನೋಡಲು ಇನ್ನೊಂದು ಸೆಟ್ ಇರಲಿಲ್ಲ. ಸರಿ, ನಿಮ್ಮ ಮಾತಿನಲ್ಲಿ ಹುರುಳಿದೆ. ಹದ ಮಾಡದ ಉಕ್ಕು ಬಿರುಕು ಬಿಡುತ್ತದೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ರಬ್ಬರಿಗೂ ಹಾಗೇ ಇರಬೇಕು.

ರಬ್ಬರ್ ಮೇಷ್ಟ್ರು
ಉಕ್ಕಿನದ್ದು ಬೇರೆ ಕಥೆ, ಅಲ್ಲಿ ಹರಳಿನ ರಚನೆ ಬದಲಾಗುತ್ತದೆ. ಆದರೆ ಹದ ಅನ್ನುವ ಮಾತು ಎರಡಕ್ಕೂ ಒಪ್ಪುತ್ತದೆ.

ತೀರ್ಥಳ್ಳಿ ಸ್ವಿಫ್ಟ್
ಎಲ್ಲರಿಗೂ ಧನ್ಯವಾದ. ಅಣ್ಣ, ಗೆರೆ ಎಳೆದಿದ್ದೇನೆ. ಆಗುಂಬೆಗೆ ಹೋಗಲ್ಲ ಅಕ್ಕಾ, ಖಂಡಿತ ಹೋಗಲ್ಲ.

ಮೂರು ಪ್ರಶ್ನೆ. ಮರಳು ಕಾಗದ, ಪೆಟ್ರೋಲ್ ಬಟ್ಟೆ ಇವೆಲ್ಲ ಬೇಡವಾ? ಟೈರಿನ ಮೇಲೆ ಕೂದಲಿನ ಹಾಗೆ ಇರುತ್ತದಲ್ಲ, ಅದು ಹೋದರೆ ಪಳಗಿತು ಅಂತನಾ? ಇಲ್ಲಿಂದ ಕೊಯಮತ್ತೂರಿಗೆ ಇದೇ ಟೈರಿನಲ್ಲಿ ಹೋದರೆ ಹೆಚ್ಚುಕಮ್ಮಿ 500 ಕಿಲೋಮೀಟರ್ ಆಗುತ್ತದೆ, ಅದು ಸಾಕಾಗಲ್ವಾ?

ಆಟೋ ಕಾಂಪ್ಲೆಕ್ಸ್ ಅಣ್ಣ
ಪೆಟ್ರೋಲ್, ಡೀಸೆಲ್, ಥಿನ್ನರ್ ಯಾವುದೂ ಮುಟ್ಟಿಸಬೇಡ. ರಬ್ಬರ್ ತಿನ್ನುತ್ತದೆ. ಮರಳು ಕಾಗದವೂ ಬೇಡ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಆಗುತ್ತದೆ. ರಸ್ತೆಗಿಂತ ಒಳ್ಳೆಯ ಮರಳು ಕಾಗದ ಇಲ್ಲ.

ಆ ಕೂದಲು ಅಚ್ಚಿನ ಗಾಳಿ ಹೋಗುವ ಸಣ್ಣ ತೂತುಗಳಲ್ಲಿ ರಬ್ಬರ್ ನುಗ್ಗಿ ಆಗಿದ್ದು. ಅದಕ್ಕೂ ಗ್ರಿಪ್‌ಗೂ ಸಂಬಂಧವೇ ಇಲ್ಲ. ಇದ್ದರೂ ಒಂದೇ, ಹೋದರೂ ಒಂದೇ. ನೀನು ನೋಡಬೇಕಾದ್ದು ಹೊಳಪು.

ಶರಾವತಿ ಲೆಕ್ಕ
ಒಂದು ಸಣ್ಣ ಲೆಕ್ಕ. ಸ್ವಿಫ್ಟಿನ ಕಂಪನಿ ಟೈರ್ 185/65 ಆರ್15 ಆಗಿದ್ದರೆ ಅದರ ವ್ಯಾಸ ಸುಮಾರು 621 ಮಿ.ಮೀ. ನಿಮ್ಮ 195/50 ಟೈರಿನದು 576. ಅಂದರೆ ಏಳು ಪರ್ಸೆಂಟ್ ಕಮ್ಮಿ. ಮೀಟರ್ 100 ತೋರಿಸುವಾಗ ನಿಜದಲ್ಲಿ 93ರ ಹತ್ತಿರ ಇರುತ್ತೀರಿ. ಓಡೋಮೀಟರಿಗೂ ಅದೇ ಲೆಕ್ಕ. 150 ಓಡಿತು ಅಂತ ತೋರಿಸಿದರೆ ನಿಜಕ್ಕೆ 139. ಪಳಗಿಸುವ ಕಿಲೋಮೀಟರ್ ಎಣಿಸುವಾಗ ನೆನಪಿರಲಿ.

ಇನ್ನೊಂದು, ಕಾರು ಎರಡು ಸೆಂಟಿಮೀಟರಿಗಿಂತ ಜಾಸ್ತಿ ಕೆಳಗೆ ಇಳಿದಿರುತ್ತದೆ. ನಿಮ್ಮೂರಿನ ರಸ್ತೆ ಹಂಪ್ ನೋಡಿ ದಾಟಿ.

ತೀರ್ಥಳ್ಳಿ ಸ್ವಿಫ್ಟ್
ಓ, ಮಂಡಗದ್ದೆ ಹತ್ತಿರ ಹಂಪಿಗೆ ತಾಗಿದ್ದು ಅದಕ್ಕೇನಾ. ಸರಿ ಸರ್.

ನ್ಯಾವಿಗೇಟರ್ ಅಕ್ಕ
ಮೂರನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಇಲ್ಲಿಂದ ಅದೇ ಟೈರಿನಲ್ಲಿ ಹೋದರೆ ಹೊಳಪು ಹೋಗುತ್ತದೆ, ಆ ಕೆಲಸಕ್ಕೆ ಧಾರಾಳ ಸಾಕು. ಆದರೆ ಹೈವೇ ಓಟದಲ್ಲಿ ಟೈರ್ ಅಷ್ಟು ಬಿಸಿಯಾಗಲ್ಲ, ಮೇಷ್ಟ್ರು ಹೇಳಿದ ಹೀಟ್ ಸೈಕಲ್ ಅದರಿಂದ ಆಗಲ್ಲ. ಅದಕ್ಕೆ ಟ್ರ್ಯಾಕೇ ಬೇಕು.

ನನ್ನ ಸಲಹೆ ಹೀಗೆ. ಈ ಹದಿನೆಂಟು ದಿನದಲ್ಲಿ ಒಣ ದಿನ ನೋಡಿ ಶಿವಮೊಗ್ಗಕ್ಕೆ ಎರಡು ಸಲ ಹೋಗಿ ಬಾ. ಬ್ರೇಕ್ ಮೊದಲು ಮೃದು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಎರಡು ಸಲ ಹೋಗಿ ಬಂದರೆ 240 ಕಿಲೋಮೀಟರ್ ಆಯಿತು. ಆಮೇಲೆ ಕಳಚಿ ಇಡು, ಹಳೇ ಟೈರ್ ಹಾಕಿಕೋ. ಕೊಯಮತ್ತೂರಿಗೆ ಹಳೇ ಟೈರಿನಲ್ಲೇ ಹೋಗು, ಹೊಸದನ್ನು ಹಿಂದಿನ ಸೀಟು ಮಡಚಿ ಹಾಕಿಕೋ. ನವೆಂಬರ್‌ನಲ್ಲಿ ತಮಿಳುನಾಡಿನ ಕಡೆ ಮಳೆ. ಸೆಮಿ ಸ್ಲಿಕ್‌ನಲ್ಲಿ ನೀರು ಹೋಗುವ ಗೀರು ಕಮ್ಮಿ, ನಿಂತ ನೀರು ಸಿಕ್ಕಿದರೆ ಟೈರ್ ತೇಲುತ್ತದೆ. ಚಾಮರಾಜನಗರದ ಮೇಲೆ ಹೋಗುವುದಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿಯಬೇಕು. ಆ ಕಾಡಿನ ರಸ್ತೆ ರಾತ್ರಿ ಬಂದ್, ಹಗಲು ಹೊತ್ತೇ ದಾಟು.

ಡ್ಯೂಕ್ ಹೊಸನಗರ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಕಿಗೂ ಇದೇ ಲೆಕ್ಕನಾ? ನನ್ನ ಬೈಕಿಗೆ ಮೊನ್ನೆ ಎರಡೂ ಟೈರ್ ಹೊಸದು ಹಾಕಿಸಿದೆ. ಅಂಗಡಿ ಹುಡುಗ ಹೊಳೆಯಲಿ ಅಂತ ಪೂರ್ತಿ ಪಾಲಿಶ್ ಹಚ್ಚಿ ಕೊಟ್ಟ. ಅಂಗಡಿಯಿಂದ ಹೊರಗೆ ಬಂದು ರಸ್ತೆಗೆ ತಿರುಗಿಸಿದ ಕೂಡಲೇ ಹಿಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ ತರಚಿದೆ.

ಆಟೋ ಕಾಂಪ್ಲೆಕ್ಸ್ ಅಣ್ಣ
ಅಯ್ಯೋ! ನೆಲಕ್ಕೆ ತಾಗುವ ಭಾಗಕ್ಕೆ ಪಾಲಿಶ್ ಹಚ್ಚುವುದು ಅಂದರೆ ಎಣ್ಣೆ ಹಚ್ಚಿದ ಹಾಗೆ. ಪಾಲಿಶ್ ಇದ್ದರೆ ಪಕ್ಕದ ಗೋಡೆಗೆ ಮಾತ್ರ, ಬೈಕಿಗೆ ಅದೂ ಬೇಡ. ಸೋಪು ನೀರು, ಬ್ರಷ್ ಹಾಕಿ ತಿಕ್ಕಿ ತೊಳೆ, ಒಣಗಿಸು, ಒಂದು ದಿನ ಬಿಡು.

ಸಾಗರ್ ಸ್ಪೀಡ್
ಬೈಕಿಗೆ ಮೊದಲ 100ರಿಂದ 150 ಕಿಲೋಮೀಟರ್ ಜಾಗ್ರತೆ ಬೇಕು. ಕಾರು ಜಾರಿದರೂ ನಾಲ್ಕು ಚಕ್ರದ ಮೇಲೆ ಇರುತ್ತದೆ, ಬೈಕು ಹಾಗಲ್ಲ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಬಾಗಿಸುತ್ತಾ ಹೋಗು. ಟೈರಿನ ಅಂಚಿನಲ್ಲಿ ಸವೆಯದ ಪಟ್ಟಿ ಉಳಿದರೆ ಹುಡುಗರು ಆಡಿಕೊಳ್ಳುತ್ತಾರೆ ಅಂತ ರಸ್ತೆಯಲ್ಲಿ ಪೂರ್ತಿ ಬಾಗಿಸಲು ಹೋಗಬೇಡ. ಆ ಪಟ್ಟಿ ಉಳಿಯಲಿ ಬಿಡು.

ಮತ್ತೆ, ಅಕ್ಕ ಹೇಳಿದ್ದನ್ನು ನಿನ್ನೆ ರಾತ್ರಿ ಕೂತು ಯೋಚಿಸಿದೆ. ಆಗುಂಬೆ ಮಾತು ವಾಪಸ್ ತಗೊಂಡೆ. ಮೂರು ಸಲ ಏನೂ ಆಗಲಿಲ್ಲ ಅನ್ನುವುದು ನನ್ನ ಅದೃಷ್ಟ.

ನ್ಯಾವಿಗೇಟರ್ ಅಕ್ಕ
ಒಳ್ಳೆಯದಾಯಿತು ಮಾರಾಯ. ಮನಸ್ಸಿಗೆ ಸಮಾಧಾನ ಆಯಿತು.

ಗದ್ದೆ ಡ್ರೈವರ್
ಕೆಸರು, ಮಣ್ಣಿನ ಟೈರಿಗೆ ಇದೆಲ್ಲ ಬೇಕಾಗುತ್ತದಾ? ನಮ್ಮ ಕಡೆ ನಡೆಯುವುದೆಲ್ಲ ಮಣ್ಣಿನ ಮೇಲೇ ಅಲ್ವಾ.

ನ್ಯಾವಿಗೇಟರ್ ಅಕ್ಕ
ಮಣ್ಣಿನ ಟೈರಿಗೆ ಹೀಟ್ ಸೈಕಲ್ ಚಿಂತೆ ಬೇಡ. ಅಲ್ಲಿ ಗ್ರಿಪ್ ಬರುವುದು ಟೈರಿನ ಮೇಲೆ ಎದ್ದಿರುವ ಗುಬುಟುಗಳ ಅಂಚಿನಿಂದ, ರಬ್ಬರಿನ ಅಂಟಿನಿಂದ ಅಷ್ಟಿಲ್ಲ. ಹೊಳಪು ಹೋಗಲು ನಾಲ್ಕಾರು ಕಿಲೋಮೀಟರ್ ಓಡಿಸಿದರೆ ಮುಗಿಯಿತು. ರ‍್ಯಾಲಿಯಲ್ಲಿ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಮಾಮೂಲಿ ರಸ್ತೆಯಲ್ಲೇ ಹೋಗುತ್ತೇವಲ್ಲ, ಅಷ್ಟರಲ್ಲೇ ಅದು ಆಗಿರುತ್ತದೆ. ಒಣ ಡಾಂಬರಿನ ಮೇಲೆ ಮಾತ್ರ ಜಾಸ್ತಿ ಓಡಿಸಬೇಡಿ, ಗುಬುಟಿನ ಅಂಚು ದುಂಡಗಾಗಿ ಟೈರ್ ಮಣ್ಣಿಗೆ ಕೆಲಸಕ್ಕೆ ಬರಲ್ಲ.

ಕೊಪ್ಪದ ಕಾಫಿ
ರ‍್ಯಾಲಿ ಅಂದಾಗ ನೆನಪಾಯಿತು. 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿಗೆ ಬಂದಾಗ ತೋಟದ ಬೇಲಿ ಪಕ್ಕ ನಿಂತು ಗೌರವ್ ಗಿಲ್ ಓಡಿಸುವುದನ್ನು ನೋಡಿದ್ದೆ. ಕಾರು ಕಾಣುವ ಮುಂಚೆ ಸದ್ದು ಬರುತ್ತಿತ್ತು, ಆಮೇಲೆ ಕೆಂಪು ಧೂಳು, ಆಮೇಲೆ ಕಾಫಿ ಎಲೆ ಮೇಲೆಲ್ಲ ಅದೇ ಧೂಳು. 2013, 2016, 2017, ಮೂರು ಸಲ ಆ ಚಾಂಪಿಯನ್‌ಶಿಪ್ ಗೆದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಸ್ಪೋರ್ಟ್‌ಗೆ ಅದು ಮೊದಲನೆಯದು.

ಶರಾವತಿ ಲೆಕ್ಕ
ಅಡ್ಡ ದಾರಿ ಹಿಡಿದಿದ್ದೇವೆ, ಹಾಗಾಗಿ ನಾನೂ ಒಂದು ಹೇಳುತ್ತೇನೆ. ಇವರು ಹೊರಟಿರುವ ಕರಿ ಟ್ರ್ಯಾಕಿನ ಹೆಸರು ಕಪ್ಪು ಬಣ್ಣದ್ದಲ್ಲ. ಕರಿವರ್ಧನ್ ಅಂತ ರೇಸರ್ ಇದ್ದರು, ಫಾರ್ಮುಲಾ ಮಾರುತಿ ಕಾರು ಅವರ ಕೈಯಿಂದ ಬಂದಿದ್ದು. ಮಾರುತಿ 800ರ ಎಂಜಿನ್ ಹಾಕಿದ ಒಂಟಿ ಸೀಟಿನ ಕಾರು. ಎಷ್ಟೋ ಹುಡುಗರು ರೇಸಿಂಗ್ ಕಲಿತಿದ್ದು ಅದರಲ್ಲೇ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ 2.1 ಕಿಲೋಮೀಟರ್. ಅಲ್ಲಿ ಹೋದಾಗ ಅವರನ್ನು ಒಂದು ಸಲ ನೆನಪು ಮಾಡಿಕೊಳ್ಳಿ.

ತೀರ್ಥಳ್ಳಿ ಸ್ವಿಫ್ಟ್
ಇದು ಗೊತ್ತೇ ಇರಲಿಲ್ಲ ಸರ್. ಖಂಡಿತ.

ಗಾಳಿ ಎಷ್ಟು ಇಡಬೇಕು? ಬಾಗಿಲ ಕಂಬದ ಸ್ಟಿಕರಿನಲ್ಲಿ ಇರುವಷ್ಟೇ ಇಡಲಾ?

ಭದ್ರಾವತಿ ಉಕ್ಕು
ರಸ್ತೆಗೆ ಅದೇ. ಟ್ರ್ಯಾಕಿಗೆ ನೋಡಬೇಕಾದ್ದು ತಣ್ಣಗಿನ ಗಾಳಿ ಅಲ್ಲ, ಬಿಸಿ ಗಾಳಿ. ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಟ್ರ್ಯಾಕಿನಲ್ಲಿ 35, 40 ಡಿಗ್ರಿ ಏರುವುದು ಆರಾಮ. ಅಂದರೆ ಐದಾರು ಪಿಎಸ್ಐ ಜಾಸ್ತಿ. ಬೆಳಿಗ್ಗೆ ಚಳಿಯಲ್ಲಿ ಇಟ್ಟ ಗಾಳಿ ಮಧ್ಯಾಹ್ನ ಬಿಸಿಲಿಗೆ ಬೇರೆ, ಓಡಿಸಿದ ಮೇಲೆ ಇನ್ನೂ ಬೇರೆ. ಅದಕ್ಕೇ ಸ್ವಂತ ಗೇಜ್ ತಗೋ. ಎರಡು ಪೆಟ್ರೋಲ್ ಬಂಕಿನ ಗೇಜ್ ಒಂದೇ ಅಳತೆ ತೋರಿಸಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಉಪಾಯ. ಮುಂದಿನ ಟೈರಿನ ಭುಜಕ್ಕೆ, ಅಂದರೆ ನೆಲಕ್ಕೆ ತಾಗುವ ಭಾಗ ಮುಗಿದು ಪಕ್ಕದ ಗೋಡೆ ಶುರುವಾಗುವ ಕಡೆ, ಬಿಳಿ ಶೂ ಪಾಲಿಶ್ ಬಳಿ. ಸೆಷನ್ ಮುಗಿದ ಮೇಲೆ ನೋಡು. ಬಿಳಿ ತುಂಬಾ ಕೆಳಗಿನ ತನಕ ಅಳಿಸಿದ್ದರೆ ಟೈರ್ ಮಡಚಿಕೊಂಡು ಗೋಡೆ ಮೇಲೆ ಓಡುತ್ತಿದೆ, ಗಾಳಿ ಕಮ್ಮಿ. ಅಂಚಿನ ತನಕವೂ ಅಳಿಸಿಲ್ಲ ಅಂದರೆ ಗಾಳಿ ಜಾಸ್ತಿ. ತುಂಬಾ ಟೈರಿನ ಮೇಲೆ ಸಣ್ಣ ತ್ರಿಕೋನ ಗುರುತು ಇರುತ್ತದೆ, ಅಲ್ಲಿಗೆ ಬಂದು ನಿಂತರೆ ಸರಿ.

ಆಟೋ ಕಾಂಪ್ಲೆಕ್ಸ್ ಅಣ್ಣ
ಶೂ ಪಾಲಿಶ್ ಭುಜಕ್ಕೆ ಮಾತ್ರ, ಡ್ಯೂಕ್ ತಮ್ಮನ ಹಾಗೆ ಪೂರ್ತಿ ಅಲ್ಲ.

ಟೈರಿನ ಹುಟ್ಟಿದ ತಾರೀಕು ನೋಡಿದೆಯಾ? ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆ ಎರಡು ವರ್ಷ. 2324 ಅಂದರೆ 2024ರ 23ನೇ ವಾರ. ಮತ್ತೆ ಅಲಾಯ್ ಬದಲಾಯಿಸಿದ್ದೀಯ, ಐವತ್ತು ಕಿಲೋಮೀಟರ್ ಆದ ಮೇಲೆ ನಟ್‌ಗಳನ್ನು ಟಾರ್ಕ್ ವ್ರೆಂಚ್ (ಬಿಗಿ ಅಳೆಯುವ ಪಾನ) ಹಾಕಿ ನೋಡಿಸು. ಟ್ರ್ಯಾಕಿನಲ್ಲಿ ಪ್ರತಿ ಸೆಷನ್ ಮುಂಚೆಯೂ.

ತೀರ್ಥಳ್ಳಿ ಸ್ವಿಫ್ಟ್
ಈ ವರ್ಷದ್ದೇ ಅಣ್ಣ, ನೋಡಿದೆ. ಶಿವಮೊಗ್ಗಕ್ಕೆ ಎರಡು ಸಲ ಹೋಗಿ ಬಂದೆ. ಹೊಳಪು ನಡುವೆ ಹೋಗಿದೆ, ಭುಜದಲ್ಲಿ ಎರಡು ಬೆರಳಷ್ಟು ಅಗಲ ಹಾಗೇ ಇದೆ. ಈಗ ಬ್ರೇಕ್ ಹಿಡಿದರೆ ಕಾರು ನೆಲಕ್ಕೆ ಕೂತ ಹಾಗೆ ನಿಲ್ಲುತ್ತದೆ. ಬಿಚ್ಚಿ ಬಚ್ಚಲು ಮನೆ ಅಟ್ಟದ ಮೇಲೆ ಇಟ್ಟಿದ್ದೇನೆ.

ರಬ್ಬರ್ ಮೇಷ್ಟ್ರು
ಬಚ್ಚಲು ಅಟ್ಟ ಅಂದರೆ ಕೆಳಗೆ ಹಂಡೆ ಒಲೆ ಇದೆಯಾ? ಇದ್ದರೆ ಇವತ್ತೇ ಇಳಿಸಿ. ದಿನಾ ಬೆಳಿಗ್ಗೆ ಬಿಸಿ, ಹೊಗೆ ಎರಡೂ ತಾಗುತ್ತದೆ. ತಂಪಾಗಿ, ಕತ್ತಲಾಗಿ, ಒಣಗಿರುವ ಜಾಗ ಬೇಕು. ಬಿಸಿಲು ಬೀಳುವ ಅಡಿಕೆ ಅಂಗಳದಲ್ಲೂ ಬೇಡ. ವೆಲ್ಡಿಂಗ್ ಮಾಡುವ ಕಡೆಯಂತೂ ಬೇಡವೇ ಬೇಡ. ಅಲ್ಲಿ ಓಝೋನ್ ಹುಟ್ಟುತ್ತದೆ, ರಬ್ಬರ್ ಬಿರುಕು ಬಿಡುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಭತ್ತದ ಕೋಣೆಯಲ್ಲಿ ಇಡಿ.

ತೀರ್ಥಳ್ಳಿ ಸ್ವಿಫ್ಟ್
ಹಂಡೆ ಒಲೆ ಮೇಲೇ ಇತ್ತು ಸರ್. ಈಗಲೇ ಇಳಿಸಿದೆ.

ತೀರ್ಥಳ್ಳಿ ಸ್ವಿಫ್ಟ್
ಹೋಗಿ ಬಂದೆ. ನಿನ್ನೆ ರಾತ್ರಿ ತಲುಪಿದೆ, ಎಲ್ಲ ವಿವರ ಬರೆಯುತ್ತೇನೆ.

ಶನಿವಾರ ಬಿಸಿಲಿತ್ತು. ತಣ್ಣಗಿರುವಾಗ ನಾಲ್ಕಕ್ಕೂ 28 ಪಿಎಸ್ಐ ಇಟ್ಟೆ. ಮೊದಲ ಸೆಷನ್ ಹದಿನೈದು ನಿಮಿಷ. ಮೊದಲ ಎರಡು ಲ್ಯಾಪ್ ಪೇಟೆಯಲ್ಲಿ ಓಡಿಸುವ ಹಾಗೆ ಓಡಿಸಿದೆ. ಹಿಂದಿನಿಂದ ಬಂದವರೆಲ್ಲ ದಾಟಿ ಹೋದರು. ಮನಸ್ಸು ತಡೆಯಲಿಲ್ಲ, ಆದರೂ ಬಿಟ್ಟೆ. ಆಮೇಲೆ ಲ್ಯಾಪಿಗೆ ಸ್ವಲ್ಪ ಸ್ವಲ್ಪ ಏರಿಸಿದೆ. ಟೈರ್ ಕೂಗಲು ಬಿಡಲಿಲ್ಲ, ಜಾರಲೂ ಬಿಡಲಿಲ್ಲ. ಕೊನೆಯ ಲ್ಯಾಪ್ ನಿಧಾನ. ಒಳಗೆ ಬಂದ ಕೂಡಲೇ ಅಳೆದೆ, ಮುಂದಿನವು 34, ಹಿಂದಿನವು 31. ಕೈ ಇಟ್ಟರೆ ಇಡಲಾಗಲಿಲ್ಲ. ರಬ್ಬರಿನ ವಾಸನೆ ಬರುತ್ತಿತ್ತು. ಮೇಲ್ಮೈ ಬೂದು ಬಣ್ಣ, ಸಣ್ಣ ಸಣ್ಣ ಅಲೆ ಎದ್ದ ಹಾಗೆ, ಭುಜದ ತನಕ ಒಂದೇ ಸಮ. ಹೊಳಪು ಎಲ್ಲೂ ಉಳಿದಿರಲಿಲ್ಲ.

ಅವತ್ತು ಇನ್ನೂ ಎರಡು ಸೆಷನ್ ಇತ್ತು. ದುಡ್ಡು ಕಟ್ಟಿದ್ದೆ. ಹಳೇ ಟೈರ್ ಹಾಕಿ ಆ ಎರಡನ್ನೂ ಓಡಿಸಿದೆ, ಟ್ರ್ಯಾಕಿನ ತಿರುವುಗಳಲ್ಲಿ ಕಾರು ಹಿಡಿಯಬೇಕಾದ ದಾರಿ ಕಲಿಯಲು ಅದೇ ಸಾಕಾಯಿತು. ಹೊಸ ನಾಲ್ಕನ್ನು ನೆರಳಲ್ಲಿ ಮಲಗಿಸಿ ಬಟ್ಟೆ ಮುಚ್ಚಿದೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ನನ್ನ ಸರದಿ. ಹತ್ತಿರ ಹತ್ತಿರ 24 ಗಂಟೆ ಸಿಕ್ಕಿತು ಮೇಷ್ಟ್ರೇ.

ಭಾನುವಾರ ಮುಂದೆ 27 ಇಟ್ಟು ಹೊರಟೆ. ಏನು ಹೇಳಲಿ, ಅದು ಬೇರೆಯೇ ಕಾರು. ಆರು ಲ್ಯಾಪ್ ಹಿಡಿದರು. ಎರಡನೇ ಲ್ಯಾಪಿಗೂ ಆರನೇ ಲ್ಯಾಪಿಗೂ ಅರ್ಧ ಸೆಕೆಂಡಿನ ವ್ಯತ್ಯಾಸ ಇರಲಿಲ್ಲ. ನನ್ನ ಕ್ಲಾಸಿನಲ್ಲಿ ಹನ್ನೊಂದರಲ್ಲಿ ಐದನೆಯವನಾದೆ. ಪಕ್ಕದ ಪಿಟ್ಟಿನ ಹುಡುಗ ಅದೇ ಟೈರ್ ಹೊಸದಾಗಿ ಬೆಳಿಗ್ಗೆ ಹಾಕಿಸಿ ನೇರ ಇಳಿದಿದ್ದ. ಮೊದಲ ತಿರುವಿನಲ್ಲೇ ಕಾರು ಸುತ್ತಿ ಹುಲ್ಲಿಗೆ ಹೋಯಿತು. ಕಾರಿಗೂ ಅವನಿಗೂ ಏನೂ ಆಗಲಿಲ್ಲ.

ಶೂ ಪಾಲಿಶ್ ತ್ರಿಕೋನಕ್ಕಿಂತ ಸ್ವಲ್ಪ ಕೆಳಗೆ ಅಳಿಸಿದೆ. ಸೀಮೆಸುಣ್ಣದ ಗೆರೆ ಮೂರರಲ್ಲಿ ಸರಿ ಇದೆ. ಮುಂದಿನ ಎಡಗಡೆಯದ್ದು ಒಂದು ಬೆರಳು ಸರಿದಿದೆ ಅಣ್ಣ.

ಮನೆಗೆ ಬಂದ ಮೇಲೆ ಅಪ್ಪ ಬ್ಯಾಟರಿ ತಂದು ಟೈರಿನ ಮೇಲೆ ಬೆಳಕು ಬಿಟ್ಟು ನೋಡಿದರು. ಇನ್ನೂ ಎಷ್ಟು ಬರುತ್ತದೆ ಅಂತ ಕೇಳಿದರು.

ನ್ಯಾವಿಗೇಟರ್ ಅಕ್ಕ
ಭೇಷ್ ತಮ್ಮಾ! ಕಟ್ಟಿದ ದುಡ್ಡಿನ ಸೆಷನ್ ಇದ್ದರೂ ಹೊಸ ಟೈರ್ ಬಿಚ್ಚಿ ಇಟ್ಟೆಯಲ್ಲ, ನನಗೆ ಅದು ತುಂಬಾ ಇಷ್ಟವಾಯಿತು.

ಭದ್ರಾವತಿ ಉಕ್ಕು
ಪಾಲಿಶ್ ತ್ರಿಕೋನ ದಾಟಿದೆ ಅಂದರೆ ಮುಂದಿನ ಸಲ 27 ಬೇಡ, 28.5ರಿಂದ ಶುರು ಮಾಡು.

ರಬ್ಬರ್ ಮೇಷ್ಟ್ರು
ಪ್ರತಿ ಸಲ ಎಷ್ಟು ಸೆಷನ್, ಎಷ್ಟು ಗಾಳಿ, ಎಂಥ ಬಿಸಿಲು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಟೈರ್ ಬಿಸಿಯಾಗಿ ತಣಿದ ಹಾಗೆಲ್ಲ ಸ್ವಲ್ಪ ಗಟ್ಟಿಯಾಗುತ್ತದೆ. ಗೀರು ಉಳಿದಿದ್ದರೂ ಒಂದು ದಿನ ಗ್ರಿಪ್ ಮುಗಿದಿರುತ್ತದೆ. ನಿಮ್ಮ ತಂದೆಯವರ ಪ್ರಶ್ನೆಗೆ ಆ ಪುಸ್ತಕದಿಂದಲೇ ಉತ್ತರ ಸಿಗುವುದು.

ಆಟೋ ಕಾಂಪ್ಲೆಕ್ಸ್ ಅಣ್ಣ
ಆ ಎಡಗಡೆಯದು ಸರಿದಿದ್ದು ಫಿಟ್ಟಿಂಗ್ ದಿನ ದನಕ್ಕೆ ಹಿಡಿದ ಬ್ರೇಕಿನದ್ದಲ್ಲ, ಗೆರೆ ಎಳೆದಿದ್ದು ಆಮೇಲೆ. ಟ್ರ್ಯಾಕಿನಲ್ಲೇ ಸರಿದಿದೆ. ಅಂಚು ಒರೆಸದೆ ಸೋಪು ಜಾಸ್ತಿ ಹಚ್ಚಿ ಕೂರಿಸಿರಬೇಕು. ತಗೊಂಡು ಬಾ, ಬಿಚ್ಚಿ, ರಿಮ್ಮಿನ ಅಂಚು ಒರೆಸಿ ಮತ್ತೆ ಕೂರಿಸೋಣ. ಬ್ಯಾಲೆನ್ಸಿಂಗ್ ಹೊಸದಾಗಿ ಮಾಡೋಣ. ಮುಂದಿನ ಎರಡು ಹಿಂದಕ್ಕೆ ಹಾಕುವುದೂ ಆಗಲಿ.

ತೀರ್ಥಳ್ಳಿ ಸ್ವಿಫ್ಟ್
ಬುಧವಾರ ಅಡಿಕೆ ಮಂಡಿಗೆ ಬರುವುದಿದೆ ಅಣ್ಣ. ನಾಲ್ಕೂ ವೀಲ್ ಪಿಕಪ್‌ನಲ್ಲಿ ಹಾಕಿಕೊಂಡು ಹತ್ತು ಗಂಟೆಗೆ ಬರುತ್ತೇನೆ. ಅಪ್ಪನೂ ಬರುತ್ತಾರಂತೆ, ಬ್ಯಾಲೆನ್ಸಿಂಗ್ ಹೇಗೆ ಮಾಡುತ್ತಾರೆ ನೋಡಬೇಕಂತೆ.